ಹೆಡ್ ರಿಪೇರಿಯಾದ ಮೇಲೆ ವಾಲ್ವು ಸದ್ದು ಮಾಡಿದರೆ

(ಎಂಜಿನ್ ಪಂಪು ಹಾಗೂ ಟ್ರ್ಯಾಕ್ಟರ್ ನಿರ್ವಹಣೆಯನ್ನು ಕುರಿತು ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಡೀಸೆಲ್ ಎಂಜಿನ್ನಿನ ಸಿಲಿಂಡರ್ ಹೆಡ್ಡನ್ನು ಪೇಟೆಗೆ ಒಯ್ದು, ವಾಲ್ವು ತಿಕ್ಕಿಸಿ, ಹೊಸ ಗ್ಯಾಸ್ಕೆಟ್ ಸಮೇತ ತಂದು ಕೂಡಿಸಿದ ದಿನವೇ ಎಂಜಿನ್ನು ಹಿಂದೆಂದೂ ಇಲ್ಲದ ಹಾಗೆ ಟಕ ಟಕ ಎನ್ನತೊಡಗುವುದು ಅನೇಕ ರೈತರ ಅನುಭವ. ದುಡ್ಡು ಕೊಟ್ಟು ಸದ್ದನ್ನು ಕೊಂಡು ತಂದಂತಾಯಿತು ಎಂದು ಬೇಸರವಾಗುವುದು ಸಹಜ. ಆಗ ಕೈಗೆ ಸ್ಪ್ಯಾನರು ಸಿಕ್ಕವರೆಲ್ಲ ಮೊದಲು ಮಾಡುವ ಕೆಲಸ ಒಂದೇ: ರಾಕರ್ ಮೇಲಿನ ತಿರುಪನ್ನು ಸದ್ದು ನಿಲ್ಲುವ ತನಕ ಬಿಗಿಮಾಡುವುದು. ಸದ್ದು ನಿಲ್ಲುತ್ತದೆ, ನಿಜ. ಆದರೆ ಎಂಜಿನ್ನಿಗೆ ನಿಜವಾದ ಕೇಡು ಶುರುವಾಗುವುದು ಅಲ್ಲಿಂದಲೇ.

ಇಂಥ ಒಂದು ಪ್ರಸಂಗವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರೈತರೊಬ್ಬರು ಹಳ್ಳದ ದಂಡೆಯಲ್ಲಿ 5 ಅಶ್ವಶಕ್ತಿಯ ಎಂಜಿನ್ ಪಂಪು ಇಟ್ಟುಕೊಂಡು ಎರಡೆಕರೆ ಬೇಸಿಗೆ ಶೇಂಗಾಕ್ಕೆ ನೀರು ಕೊಡುತ್ತಿದ್ದರು. ಹೆಡ್ ರಿಪೇರಿಯಾದ ಮೇಲೆ ಎಂಜಿನ್ನು ಸದ್ದು ಮಾಡಿತು. ಪಕ್ಕದ ಹೊಲದವರು ಬಂದು ಎರಡು ತಿರುಪುಗಳನ್ನೂ ಒಂದಿಷ್ಟು ಇಳಿಸಿ, 'ನೋಡಿ, ಈಗ ಹೊಲಿಗೆ ಯಂತ್ರದ ಹಾಗಿದೆ' ಎಂದರು. ಮೂರನೆಯ ವಾರದಲ್ಲಿ ಹ್ಯಾಂಡಲ್ ತಿರುಗಿಸಿದರೆ ತಡೆಯೇ ಇರಲಿಲ್ಲ. ಎಂಜಿನ್ನಿಗೆ ಕಂಪ್ರೆಶನ್ ಹೋಗಿತ್ತು. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವಿನ ಅಂಚು ಇಲಿ ಕಡಿದಂತೆ ಒಂದು ಕಡೆ ಸುಟ್ಟು ಹೋಗಿತ್ತು. ಹೊಸ ವಾಲ್ವು ಬಂದು ಎಂಜಿನ್ನು ನಡೆಯುವ ಹೊತ್ತಿಗೆ ಎಂಟು ದಿನ ಕಳೆದಿತ್ತು. ಶೇಂಗಾ ಹೂವಾಗಿ ಕಾಯಿ ಕಟ್ಟುತ್ತಿದ್ದ ಕಾಲ, ಮೇಲಾಗಿ ಮರಳು ಮಿಶ್ರಿತ ಭೂಮಿ. ಆ ಎಂಟು ದಿನಗಳ ನಷ್ಟದ ಮುಂದೆ ವಾಲ್ವಿನ ಬೆಲೆ ಏನೂ ಅಲ್ಲ.

ಸಂದು ಏಕೆ ಬೇಕು?

ಎಂಜಿನ್ನಿನೊಳಗೆ ಕ್ಯಾಮ್ ಶಾಫ್ಟು ತಿರುಗುವಾಗ ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ಟು ಪುಷ್ ರಾಡನ್ನು, ಪುಷ್ ರಾಡು ರಾಕರಿನ ಒಂದು ತುದಿಯನ್ನು ಎತ್ತುತ್ತದೆ. ಏತದ ಮರದ ಹಾಗೆ ರಾಕರಿನ ಇನ್ನೊಂದು ತುದಿ ಕೆಳಗಿಳಿದು ವಾಲ್ವನ್ನು ಒತ್ತಿ ತೆರೆಯುತ್ತದೆ. ಮುಚ್ಚುವುದು ಸ್ಪ್ರಿಂಗಿನ ಕೆಲಸ. ವಾಲ್ವು ಮುಚ್ಚಿರುವಾಗ ರಾಕರಿಗೂ ವಾಲ್ವಿನ ತುದಿಗೂ ನಡುವೆ ಕೂದಲೆಳೆಯ ಮೂರು ನಾಲ್ಕರಷ್ಟು ಸಂದು ಇರಲೇಬೇಕು. ಇದನ್ನೇ ಟ್ಯಾಪೆಟ್ ಕ್ಲಿಯರೆನ್ಸ್ ಎನ್ನುವುದು.

ಉಕ್ಕಿನ 100 ಮಿ.ಮೀ. ಉದ್ದದ ಸರಳು 100 ಡಿಗ್ರಿ ಬಿಸಿ ಹೆಚ್ಚಿದರೆ ಸುಮಾರು 0.12 ಮಿ.ಮೀ. ಬೆಳೆಯುತ್ತದೆ. ಎಂಜಿನ್ನು ಪೂರ್ತಿ ಭಾರದಲ್ಲಿ ನಡೆಯುವಾಗ ಎಕ್ಸಾಸ್ಟ್ ವಾಲ್ವಿನ ತಲೆ 600–700 ಡಿಗ್ರಿ ಸೆಂಟಿಗ್ರೇಡ್ ಕಾಯುತ್ತದೆ. ಕಾದ ವಾಲ್ವು ಉದ್ದವಾದಾಗ ಅದಕ್ಕೆ ಸ್ಥಳ ಬೇಕು. ಸಂದು ಇಲ್ಲದಿದ್ದರೆ ರಾಕರು ಅದನ್ನು ಒತ್ತಿ ಹಿಡಿದು, ಸೀಟಿನ ಮೇಲೆ ಪೂರ್ತಿ ಕೂರಲು ಬಿಡುವುದಿಲ್ಲ. ಸೀಟಿನ ಮೇಲೆ ಕೂತಾಗಲೇ ವಾಲ್ವಿನ ಬಿಸಿ ಹೆಡ್ಡಿಗೆ ದಾಟಿ ಅದು ತಣಿಯುವುದು. ಕೂರದ ವಾಲ್ವು ತಣಿಯುವುದಿಲ್ಲ. ಸಂದಿನಿಂದ ಉರಿಯುವ ಅನಿಲ ನುಗ್ಗಿ ಅಂಚನ್ನು ಕೊರೆಯುತ್ತದೆ. ಮೇಲಿನ ಪ್ರಸಂಗದಲ್ಲಿ ಆದದ್ದು ಇದೇ.

ಆದ್ದರಿಂದ ಸಂದು ಹೆಚ್ಚಾಗಿ ಸದ್ದು ಮಾಡುವ ವಾಲ್ವಿಗಿಂತ ಸಂದು ಇಲ್ಲದೆ ಸುಮ್ಮನಿರುವ ವಾಲ್ವು ಹೆಚ್ಚು ಅಪಾಯಕಾರಿ. ಹಾಗೆಂದು ಸದ್ದನ್ನು ಲಕ್ಷಿಸದೆ ಬಿಡುವಂತೆಯೂ ಇಲ್ಲ. ಸಂದು ಅತಿಯಾದರೆ ವಾಲ್ವು ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಶಕ್ತಿ ಇಳಿಯುತ್ತದೆ, ಸುತ್ತಿಗೆಯ ಏಟು ಬಿದ್ದಂತೆ ವಾಲ್ವಿನ ತುದಿ ಮತ್ತು ರಾಕರು ಸವೆಯುತ್ತವೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ವಾಲ್ವನ್ನೂ ಸೀಟನ್ನೂ ತಿಕ್ಕಿದಾಗ ವಾಲ್ವು ಹೆಡ್ಡಿನೊಳಗೆ ಇನ್ನಷ್ಟು ಆಳಕ್ಕೆ ಕೂರುತ್ತದೆ. ಅದರ ಬಾಲದ ತುದಿ ರಾಕರಿನ ಕಡೆಗೆ ಏರುತ್ತದೆ. ಅಂದರೆ ಗ್ರೈಂಡಿಂಗ್ ಆದ ಮೇಲೆ ತಿರುಪನ್ನು ಮುಟ್ಟದೆ ಬಿಟ್ಟರೆ ಸಂದು ಕಡಿಮೆಯಾಗಬೇಕೇ ಹೊರತು ಹೆಚ್ಚಾಗುವಂತಿಲ್ಲ. ಹಾಗಿದ್ದೂ ರಿಪೇರಿಯ ನಂತರ ಸದ್ದು ಬಂತೆಂದರೆ, ಜೋಡಿಸುವಾಗ ಸಂದನ್ನು ತಪ್ಪಾಗಿ ಹೊಂದಿಸಿರಬೇಕು. ಇಲ್ಲವೇ ವಾಲ್ವಿನ ತುದಿಯನ್ನು ಸಾಣೆ ಹಿಡಿದಿರಬೇಕು, ಬಿಡಿಭಾಗಗಳು ಅದಲು ಬದಲಾಗಿರಬೇಕು, ಅಥವಾ ಸದ್ದು ವಾಲ್ವಿನದೇ ಆಗಿರಲಿಕ್ಕಿಲ್ಲ.

ಸದ್ದು ಯಾವುದರದು?

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟು ಎರಡು ಸುತ್ತು ತಿರುಗಿದಾಗ ಕ್ಯಾಮ್ ಶಾಫ್ಟು ಒಂದೇ ಸುತ್ತು ತಿರುಗುತ್ತದೆ. ಆದ್ದರಿಂದ ಪ್ರತಿಯೊಂದು ವಾಲ್ವೂ ಎರಡು ಸುತ್ತಿಗೆ ಒಮ್ಮೆ ಮಾತ್ರ ತೆರೆಯುತ್ತದೆ. ಇಂಗ್ಲೆಂಡಿನ ಲಿಸ್ಟರ್ ಮಾದರಿಯಲ್ಲಿ ರಾಜಕೋಟೆಯ ಕಡೆ ತಯಾರಾಗುವ, ದೊಡ್ಡ ಫ್ಲೈವ್ಹೀಲಿನ, ನಿಮಿಷಕ್ಕೆ 650 ಸುತ್ತಿನ ಎಂಜಿನ್ನಿನಲ್ಲಿ ಒಂದು ವಾಲ್ವು ನಿಮಿಷಕ್ಕೆ 325 ಸಲ ಬಡಿಯುತ್ತದೆ. 1500 ಸುತ್ತಿನ ಎಂಜಿನ್ನಿನಲ್ಲಿ 750 ಸಲ. ವೇಗವನ್ನು ಆದಷ್ಟು ಇಳಿಸಿ, ಫ್ಲೈವ್ಹೀಲಿನ ಮೇಲೆ ಸುಣ್ಣದ ಗುರುತು ಹಾಕಿ ದೂರ ನಿಂತು ನೋಡಿದರೆ, ನಿಧಾನದ ಎಂಜಿನ್ನುಗಳಲ್ಲಿ ಸದ್ದು ಸುತ್ತಿಗೊಮ್ಮೆ ಬರುತ್ತದೆಯೇ ಎರಡು ಸುತ್ತಿಗೊಮ್ಮೆ ಬರುತ್ತದೆಯೇ ಎಂಬುದು ಕಿವಿಗೆ ತಿಳಿಯುತ್ತದೆ. ಪ್ರತಿ ಸುತ್ತಿಗೂ ಬಡಿಯುವುದು ವಾಲ್ವಲ್ಲ. ಸಡಿಲವಾದ ಫ್ಲೈವ್ಹೀಲಿನ ಬೆಣೆ, ಪಿಸ್ಟನ್, ಬೇರಿಂಗುಗಳ ಕಡೆ ನೋಡಬೇಕು.

ಎರಡು ಸುತ್ತಿಗೊಮ್ಮೆ ಬರುವ ಇನ್ನೊಂದು ಸದ್ದು ಡೀಸೆಲ್ ಉರಿಯುವಾಗಿನ ಬಡಿತ. ಹೆಡ್ ಬಿಚ್ಚಿದಾಗ ಇಂಜೆಕ್ಟರನ್ನೂ ಬಿಚ್ಚಿ ಹಾಕಿರುತ್ತಾರೆ. ಅದರ ನಾಜಲ್ ತೊಟ್ಟಿಕ್ಕುತ್ತಿದ್ದರೂ, ಪಂಪಿನ ಟೈಮಿಂಗ್ ಮುಂದಾಗಿದ್ದರೂ ಇದೇ ರೀತಿ ಕಟಕಟ ಎನ್ನುತ್ತದೆ. ಎರಡನ್ನೂ ಬೇರ್ಪಡಿಸಲು ಸುಲಭದ ಪರೀಕ್ಷೆಯಿದೆ. ಎಂಜಿನ್ನು ನಡೆಯುತ್ತಿರುವಾಗ ಡೀಸೆಲ್ ನಿಲ್ಲಿಸುವ ಲಿವರನ್ನು ಎಳೆಯಬೇಕು. ಉರಿ ನಿಂತರೂ ಫ್ಲೈವ್ಹೀಲಿನ ಭರದಿಂದ ಎಂಜಿನ್ನು ಇನ್ನೂ ಹಲವು ಸುತ್ತು ತಿರುಗುತ್ತದೆ. ಆ ಸುತ್ತುಗಳಲ್ಲಿ ಸದ್ದು ತಟ್ಟನೆ ಮಾಯವಾದರೆ ದೋಷ ಉರಿಯುವಿಕೆಯಲ್ಲಿದೆ. ವೇಗ ಇಳಿದಂತೆ ಸದ್ದೂ ನಿಧಾನವಾಗುತ್ತ ಕೊನೆಯ ಸುತ್ತಿನ ತನಕ ಬಂದರೆ ಅದು ಕಬ್ಬಿಣಕ್ಕೆ ಕಬ್ಬಿಣ ತಗಲುವ ಸದ್ದು.

ಹಳೆಯ ಮಾದರಿಯ ಟ್ರ್ಯಾಕ್ಟರುಗಳಲ್ಲಿ ಮೆಕ್ಯಾನಿಕರು ಒಂದೊಂದೇ ಇಂಜೆಕ್ಟರಿನ ಪೈಪಿನ ನಟ್ಟು ಸಡಿಲಿಸಿ ಇದೇ ಪರೀಕ್ಷೆ ಮಾಡುತ್ತಾರೆ. ಕಾಮನ್ ರೈಲ್ ಪದ್ಧತಿಯ ಹೊಸ ಟ್ರ್ಯಾಕ್ಟರುಗಳಲ್ಲಿ ಇದನ್ನು ಎಂದಿಗೂ ಮಾಡಕೂಡದು. ಆ ಪೈಪುಗಳಲ್ಲಿ ಡೀಸೆಲ್ಲಿನ ಒತ್ತಡ ವಾಯುಭಾರದ ಸಾವಿರ ಪಟ್ಟಿಗೂ ಮಿಕ್ಕಿರುತ್ತದೆ. ಚಿಮ್ಮಿದ ಎಣ್ಣೆ ಚರ್ಮವನ್ನು ತೂರಿ ಮೈಯೊಳಗೆ ಹೋಗುತ್ತದೆ.

ಟಸ್ ಟಸ್ ಎಂಬ ಸದ್ದು ಬಂದರೆ ಗಾಳಿ ಸೋರುತ್ತಿದೆ ಎಂದು ತಿಳಿಯಬೇಕು. ಎಕ್ಸಾಸ್ಟ್ ಪೈಪಿನ ಬುಡದ ಗ್ಯಾಸ್ಕೆಟ್ ಕೂರದಿದ್ದರೆ ಅಲ್ಲಿ ಮಸಿ ಹಿಡಿದಿರುತ್ತದೆ. ಇಂಜೆಕ್ಟರಿನ ತಳದ ತಾಮ್ರದ ವಾಷರು ಹಳೆಯದಾದರೆ ಅದರ ಸುತ್ತ ಎರಡು ಹನಿ ಎಣ್ಣೆ ಬಿಟ್ಟಾಗ ಗುಳ್ಳೆ ಏಳುತ್ತದೆ. ಇವುಗಳನ್ನು ವಾಲ್ವಿನ ಸದ್ದೆಂದು ಭಾವಿಸಿ ತಿರುಪು ಬಿಗಿಮಾಡಿದ ಉದಾಹರಣೆಗಳು ಕಡಿಮೆಯಿಲ್ಲ.

ಕೈಯಿಂದ ಚಾಲೂ ಮಾಡುವ ಎಂಜಿನ್ನುಗಳಲ್ಲಿ ಡಿಕಂಪ್ರೆಶನ್ ಲಿವರನ್ನೂ ಮರೆಯಬಾರದು. ವಾಲ್ವು ಎತ್ತರಕ್ಕೆ ಬಂದುದರಿಂದ ಲಿವರಿನ ಮೂತಿ ರಾಕರಿಗೆ ಆಗಾಗ ತಗಲುತ್ತ ಸದ್ದು ಮಾಡುವುದುಂಟು.

ಯಾವ ವಾಲ್ವು ಎಂದು ತಿಳಿಯಲು ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ರಾಕರ್ ಕವರಿನ ಮೇಲೆ ಒಂದೊಂದು ಕಡೆ ಊರಿ, ಹಿಡಿಯನ್ನು ಕಿವಿಯ ಬುಡಕ್ಕೆ ಇಟ್ಟು ಕೇಳಬೇಕು. ಹೆಗಲ ಮೇಲಿನ ಟವೆಲು, ಪಂಚೆಯ ತುದಿ ಬೆಲ್ಟಿಗಾಗಲಿ ಫ್ಯಾನಿಗಾಗಲಿ ಸಿಕ್ಕದಂತೆ ಮೊದಲೇ ಕಟ್ಟಿಕೊಳ್ಳುವುದು ಅಗತ್ಯ.

ಸಂದು ಹೊಂದಿಸುವಾಗ ಆಗುವ ದೊಡ್ಡ ತಪ್ಪು

ಇದಕ್ಕೆ ಬೇಕಾದುದು ಫಿಲ್ಲರ್ ಗೇಜು, ಎರಡು ಸ್ಪ್ಯಾನರು ಅಥವಾ ಒಂದು ಸ್ಪ್ಯಾನರು, ಒಂದು ಸ್ಕ್ರೂ ಡ್ರೈವರು. ಸಂದು ಎಷ್ಟಿರಬೇಕೆಂಬುದನ್ನು ಎಂಜಿನ್ನಿನ ಕೈಪಿಡಿಯಲ್ಲಿ ನೋಡಬೇಕು. ಸಾಮಾನ್ಯವಾಗಿ ಇದು 0.15ರಿಂದ 0.45 ಮಿ.ಮೀ. ಒಳಗಿರುತ್ತದೆ, ಎಕ್ಸಾಸ್ಟಿಗೆ ಇನ್ಲೆಟ್ಟಿಗಿಂತ ತುಸು ಹೆಚ್ಚು ಹೇಳಿರುವುದೂ ಉಂಟು. ತಣ್ಣಗಿದ್ದಾಗಲೋ ಬಿಸಿಯಿದ್ದಾಗಲೋ ಎಂಬುದನ್ನೂ ಕೈಪಿಡಿಯೇ ಹೇಳುತ್ತದೆ. ಮೆಕ್ಯಾನಿಕರು 'ಥೌ' ಎನ್ನುವುದು ಅಂಗುಲದ ಸಾವಿರದಲ್ಲೊಂದು ಭಾಗ. 10 ಥೌ ಎಂದರೆ 0.25 ಮಿ.ಮೀ. ಒಬ್ಬರ ಎಂಜಿನ್ನಿನ ಅಂಕಿಯನ್ನು ಇನ್ನೊಬ್ಬರ ಎಂಜಿನ್ನಿಗೆ ಹಾಕಬಾರದು.

ಹೊಂದಿಸುವಾಗ ಆ ಸಿಲಿಂಡರಿನ ಎರಡೂ ವಾಲ್ವುಗಳು ಪೂರ್ತಿ ಮುಚ್ಚಿರಬೇಕು. ಇದಕ್ಕಾಗಿ ಪಿಸ್ಟನ್ನನ್ನು ತುದಿಗೆ ತಂದು ಫ್ಲೈವ್ಹೀಲಿನ ಗುರುತನ್ನು ಸರಿಹೊಂದಿಸುತ್ತಾರೆ. ಆದರೆ ಆ ಗುರುತು ಎರಡು ಸುತ್ತಿನಲ್ಲಿ ಎರಡು ಸಲ ಮೇಲೆ ಬರುತ್ತದೆ. ಒಮ್ಮೆ ಕಂಪ್ರೆಶನ್ನಿನ ಕೊನೆಯಲ್ಲಿ. ಆಗ ಎರಡೂ ವಾಲ್ವು ಮುಚ್ಚಿರುತ್ತವೆ. ಇನ್ನೊಮ್ಮೆ ಹೊಗೆ ಹೊರಹೋಗಿ ಹೊಸ ಗಾಳಿ ಬರುವ ಸಂಧಿಯಲ್ಲಿ; ಆಗ ಎಕ್ಸಾಸ್ಟ್ ಇನ್ನೂ ಮುಚ್ಚುತ್ತಿರುತ್ತದೆ, ಇನ್ಲೆಟ್ ಆಗಲೇ ತೆರೆಯಲಾರಂಭಿಸಿರುತ್ತದೆ, ಎರಡೂ ಸ್ವಲ್ಪ ಸ್ವಲ್ಪ ತೆರೆದಿರುತ್ತವೆ. ಈ ಎರಡನೆಯ ಸ್ಥಿತಿಯಲ್ಲಿ ಗೇಜು ತೂರಿಸಲು ಹೋದರೆ ಸಂದೇ ಇರುವುದಿಲ್ಲ. ತಿಳಿಯದವರು ತಿರುಪನ್ನು ಸಡಿಲಿಸಿ, ಗೇಜು ಹಿಡಿಸುವಷ್ಟು ಜಾಗ ಮಾಡುತ್ತಾರೆ. ವಾಲ್ವು ನಿಜವಾಗಿ ಮುಚ್ಚಿದಾಗ ಸಂದು ಬೇಕಾದುದಕ್ಕಿಂತ ಎಷ್ಟೋ ಹೆಚ್ಚಾಗಿರುತ್ತದೆ. ಹೆಡ್ ಕೂಡಿಸಿದ ಮೊದಲ ದಿನವೇ ಎರಡೂ ವಾಲ್ವು ಜೋರಾಗಿ ಬಡಿಯುತ್ತ, ಎಂಜಿನ್ನು ಭಾರ ಎಳೆಯದೆ ಹೊಗೆ ಬಿಟ್ಟರೆ, ಮೊದಲು ಶಂಕಿಸಬೇಕಾದುದು ಇದನ್ನೇ.

ಇದನ್ನು ತಪ್ಪಿಸುವ ಉಪಾಯ ಸರಳ. ಎಂಜಿನ್ನನ್ನು ಅದು ನಡೆಯುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸುತ್ತ ರಾಕರುಗಳನ್ನು ನೋಡಬೇಕು. ಎಕ್ಸಾಸ್ಟ್ ರಾಕರು ಮೇಲೆದ್ದು ನಿಲ್ಲುವ, ಇನ್ಲೆಟ್ ರಾಕರು ಕೆಳಗಿಳಿಯಲು ತೊಡಗುವ ಸ್ಥಳ ಸಿಗುತ್ತದೆ. ಅಲ್ಲಿಂದ ಸರಿಯಾಗಿ ಒಂದು ಸುತ್ತು ತಿರುಗಿಸಿ ಗುರುತು ಹೊಂದಿಸಿದರೆ ಆ ಸಿಲಿಂಡರಿನ ಎರಡೂ ವಾಲ್ವು ಮುಚ್ಚಿರುತ್ತವೆ. ರಾಕರುಗಳನ್ನು ಬೆರಳಿಂದ ಅಲುಗಿಸಿದರೆ ಎರಡೂ ಆಡಬೇಕು. ಒಂದು, ಮೂರು, ನಾಲ್ಕು ಸಿಲಿಂಡರಿನ ಎಲ್ಲ ಎಂಜಿನ್ನಿಗೂ ಈ ಕ್ರಮ ನಡೆಯುತ್ತದೆ. 1-3-4-2 ಕ್ರಮದಲ್ಲಿ ಉರಿಯುವ ನಾಲ್ಕು ಸಿಲಿಂಡರಿನ ಟ್ರ್ಯಾಕ್ಟರಿನಲ್ಲಿ ಇನ್ನೂ ಸುಲಭ: 4ನೆಯದರ ರಾಕರುಗಳು ಹೀಗೆ ತೂಗುತ್ತಿದ್ದರೆ 1ನೆಯದನ್ನು, 1ನೆಯದು ತೂಗುವಾಗ 4ನೆಯದನ್ನು, 2 ತೂಗುವಾಗ 3ನ್ನು, 3 ತೂಗುವಾಗ 2ನ್ನು ಹೊಂದಿಸಬಹುದು.

ಗೇಜಿನ ಎಲೆ ಸಡಿಲವಾಗಿ ಓಡಾಡಬಾರದು, ಸಿಕ್ಕಿಕೊಳ್ಳಲೂಬಾರದು. ಎಣ್ಣೆ ಹಚ್ಚಿದ ಎಲೆ ತುಸು ಹಿಡಿದಂತೆ ಜಾರಬೇಕು. ಚೆಕ್ ನಟ್ಟು ಬಿಗಿಮಾಡುವಾಗ ತಿರುಪೂ ಜೊತೆಗೆ ತಿರುಗುವುದರಿಂದ, ಬಿಗಿಯಾದ ಮೇಲೆ ಇನ್ನೊಮ್ಮೆ ಅಳೆಯದೆ ಕವರು ಮುಚ್ಚಬಾರದು.

ಗೇಜು ಸರಿ, ಸದ್ದು ಮಾತ್ರ ನಿಲ್ಲದು

ಶೇಂಗಾದ ರೈತರ ಎಂಜಿನ್ನಿಗೆ ಹೊಸ ವಾಲ್ವು ಬಿದ್ದ ಮೇಲೆ ಪುನಃ ಸದ್ದು ಬಂತು. ಈ ಸಲ ಅವರು ತಿರುಪಿಗೆ ಯಾರನ್ನೂ ಕೈ ಹಾಕಗೊಡಲಿಲ್ಲ. ಗೇಜು ಹಾಕಿ ನೋಡಿದರೆ ಸಂದು ಕೈಪಿಡಿಯಲ್ಲಿದ್ದಷ್ಟೇ ಇತ್ತು. ಆದರೂ ಎಕ್ಸಾಸ್ಟಿನ ಕಡೆ ಟಕ ಟಕ. ರಾಕರನ್ನು ಬಿಚ್ಚಿ, ವಾಲ್ವಿಗೆ ತಗಲುವ ಮೂತಿಯನ್ನು ಒರೆಸಿ ಬಿಸಿಲಿಗೆ ಹಿಡಿದಾಗ ಕಾರಣ ಕಂಡಿತು. ವರ್ಷಗಟ್ಟಲೆ ಬಡಿದು ಬಡಿದು ಅಲ್ಲಿ ವಾಲ್ವಿನ ತುದಿಯಷ್ಟೇ ಅಗಲದ ಸಣ್ಣ ಗುಳಿ ಬಿದ್ದಿತ್ತು. ಚಪ್ಪಟೆಯಾದ ಗೇಜು ಗುಳಿಯ ಎರಡು ದಡಗಳ ಮೇಲೆ ಸೇತುವೆಯಂತೆ ಕೂರುತ್ತದೆಯೇ ಹೊರತು ಅದರ ತಳವನ್ನು ಮುಟ್ಟುವುದಿಲ್ಲ. ನಿಜವಾದ ಸಂದು ಎಂದರೆ ಗೇಜಿನ ದಪ್ಪ ಮತ್ತು ಗುಳಿಯ ಆಳ ಎರಡೂ ಸೇರಿದ್ದು. ಲೇತಿನವರು ಮೂತಿಯನ್ನು ಅದರ ಮೂಲ ದುಂಡಿಗೆ ಸರಿಯಾಗಿ ಸಾಣೆ ಹಿಡಿದು ಕೊಟ್ಟರು. ಗೇಜಿನ ಅಂಕಿ ಬದಲಾಗಲಿಲ್ಲ, ಸದ್ದು ನಿಂತಿತು. ಗುಳಿ ಆಳವಾಗಿದ್ದರೆ ರಾಕರನ್ನೇ ಬದಲಿಸುವುದು ಲೇಸು. ಗಟ್ಟಿ ಮಾಡಿದ ಮೇಲ್ಪದರು ಸವೆದು ಹೋದ ಮೇಲೆ ಅದು ಬಾಳುವುದಿಲ್ಲ.

ಪುಷ್ ರಾಡು ಡೊಂಕಾಗಿದ್ದರೂ ಸದ್ದು ಬರುತ್ತದೆ. ಗಾಜಿನ ಹಲಗೆಯ ಮೇಲೆ ಉರುಳಿಸಿದರೆ ಡೊಂಕು ತಿಳಿಯುತ್ತದೆ. ರಾಡುಗಳು ಮೊದಲಿದ್ದ ಸ್ಥಾನಕ್ಕೇ ಹೋಗಬೇಕು. ಬಿಚ್ಚುವಾಗಲೇ ರಟ್ಟಿಗೆ ತೂತು ಮಾಡಿ ಸಾಲಾಗಿ ಚುಚ್ಚಿಟ್ಟರೆ ಅದಲು ಬದಲಾಗುವುದಿಲ್ಲ. ಸ್ಪ್ರಿಂಗು ಮುರಿದಿದ್ದರೂ ಒಳಗೇ ಸಿಕ್ಕಿಕೊಂಡು ಕೆಲಸ ಮಾಡುತ್ತಿರುವುದುಂಟು. ಹಳೆಯದನ್ನು ಹೊಸದರ ಪಕ್ಕ ನಿಲ್ಲಿಸಿ ಎತ್ತರ ಹೋಲಿಸಬೇಕು. ಸುರುಳಿಗಳು ಒಂದು ತುದಿಯಲ್ಲಿ ಒತ್ತಾಗಿದ್ದರೆ ಆ ತುದಿ ಹೆಡ್ಡಿನ ಕಡೆಗಿರಬೇಕು.

ಎಣ್ಣೆಯ ವಿಷಯ ಪ್ರತ್ಯೇಕವಾಗಿ ಹೇಳಬೇಕಾದುದು. ರಾಕರ್ ಶಾಫ್ಟನ್ನು ತಿರುವುಮುರುವು ಜೋಡಿಸಿದರೆ ಎಣ್ಣೆಯ ತೂತುಗಳು ತಪ್ಪು ಕಡೆಗೆ ಬರುತ್ತವೆ. ಗ್ಯಾಸ್ಕೆಟ್ಟಿಗೆ ಧಾರಾಳವಾಗಿ ಬಳಿದ ಅಂಟು ಎಣ್ಣೆಯ ದಾರಿಯನ್ನು ಮುಚ್ಚುತ್ತದೆ. ಎಂಜಿನ್ನು ಚಾಲೂ ಆಗಿ ಕೆಲವು ನಿಮಿಷವಾದರೂ ರಾಕರುಗಳು ಒಣಗಿಯೇ ಇದ್ದರೆ ಕೂಡಲೇ ನಿಲ್ಲಿಸಬೇಕು. ಎಣ್ಣೆ ತಾನಾಗಿ ಮೇಲೆ ಬರದ ಚಿಕ್ಕ ಎಂಜಿನ್ನುಗಳಲ್ಲಿ ಎಣ್ಣೆಡಬ್ಬಿಯಿಂದ ಬಿಡುವುದು ರೈತರದೇ ಕೆಲಸ.

ಎಂಜಿನ್ನನ್ನು ತಕ್ಷಣ ನಿಲ್ಲಿಸಬೇಕಾದ ಸದ್ದು

ಟಕ ಟಕ ಎಂಬುದರ ಬದಲು ಕಲ್ಲಿಗೆ ಹಾರೆ ಬಡಿದಂಥ ಗಡುಸು ಸದ್ದು ಬಂದರೆ ವಾಲ್ವು ಪಿಸ್ಟನ್ನಿಗೆ ತಗಲುತ್ತಿದೆ ಎಂಬ ಶಂಕೆಯಿಂದ ಎಂಜಿನ್ನು ನಿಲ್ಲಿಸಬೇಕು. ಹೆಡ್ಡಿನ ಮುಖವನ್ನು ಅತಿಯಾಗಿ ತೆಗೆದಿದ್ದರೆ, ತೆಳುವಾದ ಗ್ಯಾಸ್ಕೆಟ್ ಹಾಕಿದ್ದರೆ, ಹೊಸ ಸೀಟಿನಲ್ಲಿ ವಾಲ್ವು ಮುಖಕ್ಕಿಂತ ಹೊರಗೆ ನಿಂತಿದ್ದರೆ, ಟೈಮಿಂಗ್ ಗೇರು ಒಂದು ಹಲ್ಲು ತಪ್ಪಿದ್ದರೆ ಹೀಗಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಎಡೆ ಬಹಳ ಕಿರಿದು. ಅದನ್ನು ಅಳೆಯಲು ಪಿಸ್ಟನ್ನಿನ ತಲೆಯ ಮೇಲೆ, ವಾಲ್ವುಗಳ ನೇರಕ್ಕೆ ಬಾರದಂತೆ, ಮೃದುವಾದ ಸೀಸದ ತಂತಿಯ ತುಂಡುಗಳನ್ನು ಗ್ರೀಸಿನಿಂದ ಅಂಟಿಸಿ, ಹೆಡ್ ಬಿಗಿದು, ಕೈಯಿಂದ ನಿಧಾನವಾಗಿ ಒಂದು ಸಲ ದಾಟಿಸುತ್ತಾರೆ. ಚಪ್ಪಟೆಯಾದ ತಂತಿಯ ದಪ್ಪವೇ ಎಡೆಯ ಅಳತೆ. ಅದು ಕೈಪಿಡಿಯ ಅಂಕಿಗಿಂತ ಕಡಿಮೆಯಿದ್ದರೆ ಎಂಜಿನ್ನು ನಡೆಸಕೂಡದು.

ವಾಲ್ವಿನ ಬಾಲ ಹಿಡಿದಿರುವ ಎರಡು ಸೀಳು ಲಾಕುಗಳು ಸರಿಯಾಗಿ ಕೂರದೆ ಜಾರಿದರೆ ವಾಲ್ವು ಸಿಲಿಂಡರಿನೊಳಗೆ ಬಿದ್ದು ಪಿಸ್ಟನ್, ಹೆಡ್ ಎರಡೂ ಹಾಳಾಗುತ್ತವೆ. ಜೋಡಿಸಿದ ಮೇಲೆ ವಾಲ್ವಿನ ತುದಿಗೆ ಮರದ ಸುತ್ತಿಗೆಯಿಂದ ಒಂದೆರಡು ಹಗುರವಾದ ಪೆಟ್ಟು ಹಾಕಿದರೆ ಲಾಕುಗಳು ಕೂತಿವೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಹೊಸ ಗೈಡನ್ನು ರೀಮರ್ ಹಾಕದೆ ಬಿಗಿಯಾಗಿಯೇ ಬಿಟ್ಟಿದ್ದರೆ ತಣ್ಣಗಿದ್ದಾಗ ಸುಮ್ಮನಿದ್ದ ಎಂಜಿನ್ನು ಕಾದ ಮೇಲೆ ಬಡಿಯತೊಡಗುತ್ತದೆ. ವಾಲ್ವು ಗೈಡಿನಲ್ಲಿ ಸಿಕ್ಕಿಕೊಂಡು ತಡವಾಗಿ ಹಿಂತಿರುಗುವುದೇ ಕಾರಣ. ಇದು ತಿರುಪಿನಿಂದ ಸರಿಹೋಗುವಂಥದಲ್ಲ, ಹೆಡ್ ಮತ್ತೆ ಬಿಚ್ಚಲೇಬೇಕು.

ಹೆಡ್ಡನ್ನು ವರ್ಕ್‌ಶಾಪಿನಿಂದ ತರುವಾಗಲೇ ಒಂದು ಪರೀಕ್ಷೆ ಮಾಡಿಸಿಕೊಳ್ಳಬಹುದು. ಗಾಳಿ ಬರುವ, ಹೊಗೆ ಹೋಗುವ ದಾರಿಗಳಲ್ಲಿ ಸೀಮೆಎಣ್ಣೆ ಅಥವಾ ಡೀಸೆಲ್ ಹುಯ್ದು ಐದು ನಿಮಿಷ ಕಾಯಬೇಕು. ವಾಲ್ವಿನ ಅಂಚಿನಲ್ಲಿ ತೇವ ಕಂಡರೆ ಹಣ ಕೊಡುವ ಮೊದಲೇ ಮತ್ತೆ ತಿಕ್ಕಿಸಬೇಕು. ಒಳ್ಳೆಯ ಮೆಕ್ಯಾನಿಕರು ಇದಕ್ಕೆ ಬೇಸರಪಡುವುದಿಲ್ಲ.

ಮರು ಬಿಗಿತ

ಹೆಡ್ಡಿನ ನಟ್ಟುಗಳನ್ನು ಒಮ್ಮೆಗೇ ಬಿಗಿಯದೆ ಎರಡು ಮೂರು ಸುತ್ತಿನಲ್ಲಿ, ನಡುವಿನಿಂದ ಅಂಚಿಗೆ, ನಾಲ್ಕೇ ನಟ್ಟುಗಳಿದ್ದರೆ ಎದುರುಬದುರಾಗಿ, ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು. ಎಂಜಿನ್ನು ಕೆಲವು ಗಂಟೆ ನಡೆದ ಮೇಲೆ ಹೊಸ ಗ್ಯಾಸ್ಕೆಟ್ ಅಮುಕಿಕೊಂಡು ನಟ್ಟುಗಳು ಸಡಿಲವಾಗುತ್ತವೆ. ಹಳೆಯ ಮಾದರಿಗಳಲ್ಲಿ ಆಗ ಇನ್ನೊಮ್ಮೆ ಬಿಗಿಯಬೇಕೆಂದು ಕೈಪಿಡಿ ಹೇಳುತ್ತದೆ. ಈಚಿನ ಕೆಲವು ಎಂಜಿನ್ನುಗಳಲ್ಲಿ ಮರು ಬಿಗಿತ ಮಾಡಲೇಬಾರದೆಂದೂ ಇದೆ. ಓದಿಯೇ ಕೈ ಹಾಕಬೇಕು.

ಮರು ಬಿಗಿತದಿಂದ ಹೆಡ್ಡು ಎಳೆಯಷ್ಟು ಕೆಳಗಿಳಿಯುತ್ತದೆ, ಅದರ ಜೊತೆಗೆ ರಾಕರೂ ಇಳಿಯುತ್ತದೆ. ಪುಷ್ ರಾಡಿನ ಉದ್ದ ಮಾತ್ರ ಅಷ್ಟೇ ಇರುತ್ತದೆ. ಪರಿಣಾಮವಾಗಿ ಮೊದಲು ಹೊಂದಿಸಿದ ಸಂದು ಕಿರಿದಾಗುತ್ತದೆ. ಎಂಜಿನ್ನು ಹಿಂದಿಗಿಂತ ಮೆಲುವಾಗಿ ನಡೆಯುತ್ತಿದೆ ಎಂದು ಸಂತೋಷಪಡುವ ದಿನ ಇದೇ ಆಗಿರುತ್ತದೆ. ಆ ದಿನವೇ ಗೇಜು ಹಿಡಿದು ಎರಡೂ ವಾಲ್ವುಗಳನ್ನು ಮತ್ತೆ ಹೊಂದಿಸಬೇಕು. ಹೊಂದಿಸಿದ ತಾರೀಖು, ಗೇಜಿನ ಅಂಕಿ, ಎಂಜಿನ್ನು ನಡೆದ ಗಂಟೆ ಇಷ್ಟನ್ನು ಎಂಜಿನ್ ಮನೆಯ ಬಾಗಿಲ ಹಿಂದೆ ಬರೆದಿಟ್ಟರೆ ಮುಂದಿನ ಸಲ ಮೆಕ್ಯಾನಿಕನಿಗೆ ಹೇಳಲು ಅನುಕೂಲ.